ಹೊಟ್ಟೆಯೊಳಗಿನ ಅಡುಗೆಯವರು

ಚನ್ನಗಿರಿಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮೇಡಂ ಮಾತಿಗೊಮ್ಮೆ ಹೊಟ್ಟೆ ತಟ್ಟಿಕೊಂಡು, "ಅಡುಗೆಯವ್ರು ಒಳಗೆ ಅದಾರೆ ಕಣ್ರೀ" ಅನ್ನುತ್ತಿದ್ದರು. ಕಿಟಕಿಯ ಬಳಿ ಗಾಜಿನ ಪೆಟ್ಟಿಗೆಯಲ್ಲಿ, ಕೊಳೆತ ಅಡಿಕೆ ಸಿಪ್ಪೆಯ ಮೇಲೆ, ಅವರು ಸಾವಿರಕಾಲಿನ ಹುಳಗಳನ್ನು ಸಾಕಿದ್ದರು.

ಕಾಲೇಜು ನೋಡಲು ಅಧಿಕಾರಿಗಳು ಬರುವ ದಿನ, ಅಟೆಂಡರ್ ಅಣ್ಣ ಹುಳಗಳ ಹಿಕ್ಕೆಯನ್ನೆಲ್ಲ ಗುಡಿಸಿ ತಿಪ್ಪೆಗೆಸೆದು, ಪೆಟ್ಟಿಗೆ ತೊಳೆದು ಹೊಸ ಎಲೆ ಹಾಸಿದ್ದರು. "ಗಲೀಜೆಲ್ಲ ತೆಗ್ದೀನಿ ಮೇಡಂ."

"ಅಯ್ಯೋ, ಎಲೆ ಅರಗಿಸೋ ಸೂಕ್ಷ್ಮಜೀವಿಗಳು ಆ ಹಿಕ್ಕೇಲೇ ಇರ್ತಾವ್ರೀ. ಅದನ್ನ ತಿಂದ್ರೇನೇ ಅವು ಮತ್ತೆ ಹುಳದ ಹೊಟ್ಟೆ ಸೇರೋದು. ಊಟ ಬಡಿಸಿ ಅಡುಗೆಯವ್ರನ್ನೇ ಓಡಿಸಿದ್ರಲ್ಲ!"

ಮೇಡಂ ತಿಪ್ಪೆಗೆ ಓಡಿ, ಬೊಗಸೆ ತುಂಬ ಹಿಕ್ಕೆ ಬಾಚಿಕೊಂಡು ಬಂದರು. ಬಾಗಿಲಲ್ಲೇ ಎದುರಾದ ಅಧಿಕಾರಿ ಮೂಗು ಮುಚ್ಚಿಕೊಂಡರು. ಮೇಡಂ ಬೊಗಸೆಯನ್ನು ಇನ್ನಷ್ಟು ಮುಂದೆ ಚಾಚಿದರು.

"ಸ್ವಲ್ಪ ದಾರಿ ಬಿಡ್ರಿ ಸರ್. ಅಡುಗೆಯವ್ರು ಒಳಗೆ ಹೋಗ್ಬೇಕು."