ದೋಣಿಗೆ ಹಾಕಿದ ಮಗ್ಗದ ಪಟ್ಟಾ

ಮಗ್ಗ ರಿಪೇರಿ ಮಾಡಾವ ದೋಣಿಗಿ ಕೈ ಹಚ್ಚಬಾರದು. ಎಪ್ಪತ್ತರ ದಶಕದಾಗ ನಾ ಹಚ್ಚಿದೆ. ಖಾನಾಪುರದಾಗ ಮೀನ ಹಿಡಿಯೋ ಹುಸೇನಮಾಮಾ ತನ್ನ ಸಣ್ಣ ದೋಣಿಗಿ ಎಂಜಿನ್ ಕೂಡಿಸಿಕೊಡು ಅಂತ ವಡಗಾವಿಯೊಳಗಿನ ನಮ್ಮ ಕರೆಂಟ್ ಮಗ್ಗದ ವರ್ಕಶಾಪಿಗಿ ಬಂದಿದ್ದ. ನೀರೆತ್ತೋ ಹಳೇ ಎಂಜಿನ್ನಿಗಿ ಚರ್ಮದ ಪಟ್ಟಾ ಹಾಕಿ, ದೋಣಿ ತಳ್ಳೋ ಫ್ಯಾನ್ ಜೋಡಿಸಿದೆ. ಫ್ಯಾನ್ ತೊಟ್ಟಿಯೊಳಗ ಮುಳುಗಿಸಿ ತಿರುಗಿಸಿದ್ರ ನೀರು ಭರ್ರಂತ ಎದ್ದಿತು. ಇಷ್ಟು ಸಾಕು ಅಂದೆ.

ಖಾನಾಪುರಕ್ಕ ಒಯ್ದು ದೋಣಿಗಿ ಕೂಡಿಸಿದಾಗ ಮಲಪ್ರಭಾ ಹೊಳಿ ತುಂಬಿತ್ತು. ಮಾಮಾನ ಜೋಡಿ ದಂಡಿ ಬಿಟ್ಟು, ದೋಣಿ ಮೂತಿ ನೀರು ಬರೋ ಮ್ಯಾಲಿನ ಕಡೆ ಮಾಡಿ ಎಂಜಿನ್ ಚಾಲೂ ಮಾಡಿದೆ. ದೋಣಿ ಮುಂದ ಹೋಗಲಿಲ್ಲ, ಹಿಂದ ಹೊಂಟಿತು. ಹಿಂದ ಬಾಂದಾರ, ಹೊಳಿಗಿ ಅಡ್ಡ ಕಟ್ಟಿದ ಒಡ್ಡು. ಅಲ್ಲಿ ನೀರು ಧುಮುಕೋ ಸಪ್ಪಳ ಹತ್ರ ಹತ್ರ ಬರಾಕತ್ತಿತು.

ಆಗ ನೆನಪಾತು. ಪಟ್ಟಾ ಜಾರಬಾರದಂತ, ಮಗ್ಗಕ್ಕ ಹಾಕೂ ರೂಢಿಯೊಳಗ ಅದನ್ನ ಎಂಟರ ಅಂಕಿ ಹಂಗ ಅಡ್ಡ ತಿರುವಿ ಹಾಕಿದ್ದೆ. ಅಡ್ಡ ಹಾಕಿದ್ರ ಫ್ಯಾನ್ ಉಲ್ಟಾ ತಿರುಗತೈತಿ.

"ಬಂದ್ ಮಾಡ್ಲೇನ ಮಾಮಾ?" ಅಂದೆ.

"ಬಂದ್ ಮಾಡಿದ್ರ ಹೊಳಿ ಒಯ್ತೈತಿ. ಸುಮ್ನ ಕುಂದರು."

ಮಾಮಾ ಹುಟ್ಟು ಹಾಕಿ ದೋಣೀನ ಪೂರಾ ತಿರುವಿದ. ಮೂತಿ ಬಾಂದಾರದ ಕಡೆ ಆತು. ಅದೇ ಉಲ್ಟಾ ಫ್ಯಾನ್ ಈಗ ನಮ್ಮನ್ನ ಹಿಮ್ಮುಖ ಮಾಡಿ ಮೆಲ್ಲಕ ಮ್ಯಾಲ ಜಗ್ಗಿತು. ದಂಡಿ ಮುಟ್ಟೂತನಕ ನಾ ದೋಣಿ ಅಂಚು ಬಿಡಲಿಲ್ಲ.

ಇಳದಕೂಡ್ಲೆ ಪಟ್ಟಾ ಬಿಚ್ಚಾಕ ಹೋದ್ರ ಮಾಮಾ ಕೈ ಹಿಡದ. "ಇರ್ಲಿ ಬಿಡೋ. ದೋಣಿ ಹಿಂದ ಹೋಗೂಮುಂದ ಮೀನಿನ ಬಲಿ ಮೂತಿ ಕಡೆಯಿಂದ ಬಿಡತೀನಿ, ಫ್ಯಾನಿಗಿ ಸುತ್ತೂದಿಲ್ಲ."

ದೋಣಿಗಿ ಮುಂದ ಯಾವುದು, ಹಿಂದ ಯಾವುದು ಅಂತ ಯಾರರೆ ಕೇಳಿದ್ರ, ಎಂಜಿನ್ ಚಾಲೂ ಮಾಡಿ ನೋಡ್ರಿ ಅಂತೀನಿ. ಆದ್ರ ನಾ ದಂಡಿಮ್ಯಾಲ ನಿಂತ ಹೇಳತೀನಿ.