ಕನ್ನಡಿಯ ಮೇಲಿನ ಕುಂಕುಮ

ಕಪ್ಪು ರಬ್ಬರಿನ ಚೆಂಡು. ನಿಂಬೆಹಣ್ಣಿಗಿಂತ ಚಿಕ್ಕದು, ಒಂದು ಬದಿಯಲ್ಲಿ ಉಗುರಿನಷ್ಟು ಉದ್ದದ ಸೀಳು. ಡಾಲಸ್ ಹತ್ತಿರದ ಪ್ರಾಸ್ಪರ್ ಊರಿನ ಹೊಸ ಮನೆಗೆ ಶಿಫ್ಟ್ ಆದ ವಾರ, ಪುಸ್ತಕದ ಪೆಟ್ಟಿಗೆ ಬಿಚ್ಚುವಾಗ ಹಳೆಯ ಪೆನ್ಸಿಲ್ ಡಬ್ಬದಲ್ಲಿ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಬರೀ ರಬ್ಬರಿನ ವಾಸನೆ. ಕೆರೆಯ ವಾಸನೆಯೂ ಇರಬಹುದು ಅಂದುಕೊಂಡಿದ್ದೆ...

ಅದು ಒಂದು ವಿಮಾನದ ಬಿರಡೆ. ಆಸ್ಟಿನ್‌ನಲ್ಲಿ ಎಂ.ಎಸ್. ಓದುವಾಗ ಪಕ್ಕದ ಊರು ಸೀಡರ್ ಪಾರ್ಕ್‌ನ ಒಂದು ಮನೆಯ ಮಹಡಿ ಕೋಣೆಯಲ್ಲಿದ್ದೆ. ಮನೆಯವರು ಧಾರವಾಡದ ಕಡೆಯವರು. ಅಂಕಲ್ ಚಿಪ್ ಕಂಪನಿಯಲ್ಲಿ ಎಂಜಿನಿಯರ್. ಕೆಲಸದಿಂದ ಬಂದವರೇ ಗ್ಯಾರೇಜ್ ಸೇರಿ, ಇಬ್ಬರು ಕೂರುವಂಥ ಪುಟ್ಟ ವಿಮಾನವೊಂದನ್ನು ಸ್ವಂತ ಕೈಯಿಂದ ಕಟ್ಟುತ್ತಿದ್ದರು. ಟೆಕ್ಸಸ್‌ನ ಬಿಸಿಲಿನಲ್ಲಿ ಎರಡು ಕಾರುಗಳೂ ಹೊರಗೇ ನಿಂತಿರುತ್ತಿದ್ದವು. "ನಮ್ಮ ಮನಿಯಾಗ ವಿಮಾನಕ್ಕ ನೆರಳು, ಮನಷ್ಯಾರಿಗೆ ಬಿಸಲು" ಎಂದು ಆಂಟಿ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುತ್ತಲೇ ಉಪ್ಪಿಟ್ಟಿನ ತಟ್ಟೆಯನ್ನು ರೆಕ್ಕೆಯ ಮೇಲಿಟ್ಟು ಹೋಗುತ್ತಿದ್ದರು.

ವಿಮಾನ ನೆಲದ ಮೇಲೂ ಇಳಿಯಬೇಕು, ನೀರಿನ ಮೇಲೂ ಇಳಿಯಬೇಕು ಎಂಬುದು ಅವರ ಆಸೆ. ಅದಕ್ಕೆ ಕೆಳಗೆ ಉದ್ದನೆಯ ಎರಡು ಅಲ್ಯೂಮಿನಿಯಂ ದೋಣಿಗಳು, ಒಂದೊಂದರಲ್ಲೂ ಎರಡೆರಡು ಗಾಲಿ. ನೆಲಕ್ಕಿಳಿಯುವಾಗ ಗಾಲಿ ಕೆಳಗಿರಬೇಕು. ನೀರಿಗಿಳಿಯುವಾಗ ಮೇಲಕ್ಕೆ ಮಡಚಿರಬೇಕು. ಕೆಳಗೇ ಉಳಿದರೆ ನೀರು ಗಾಲಿಗಳನ್ನು ಹಿಡಿದುಕೊಳ್ಳುತ್ತದೆ, ವಿಮಾನ ಮುಗ್ಗರಿಸಿ ಮಗುಚುತ್ತದೆ. ಇದನ್ನು ಅವರು ನನಗೆ ಮೊದಲ ದಿನವೇ ಒಂದು ಲಟ್ಟಣಿಗೆ, ಒಂದು ಬೋಗುಣಿ ನೀರು ಇಟ್ಟುಕೊಂಡು ತೋರಿಸಿದ್ದರು.

ನಾನು ಹೇಗೆ ಅವರ ಸಹಾಯಕಳಾದೆನೋ ಸರಿಯಾಗಿ ನೆನಪಿಲ್ಲ. ಬಹುಶಃ ನಾನು ಹೆಚ್ಚು ಮಾತಾಡುವುದಿಲ್ಲ ಎಂಬ ಕಾರಣಕ್ಕೆ. ದೋಣಿಗಳ ಒಳಗೆ ಖಾನೆಗಳಿದ್ದವು, ಪ್ರತಿ ಖಾನೆಗೂ ಒಂದು ತೂತು, ತೂತಿಗೆ ಇಂಥದೊಂದು ರಬ್ಬರ್ ಚೆಂಡು. ಹಾರುವ ಮೊದಲು ಚೆಂಡು ಕಿತ್ತು, ಕೈಪಂಪಿನಿಂದ ಒಳಗಿನ ನೀರನ್ನು ಎಳೆದು ಹಾಕಬೇಕು. ಎಷ್ಟು ಸಲ ಎಳೆದೆ ಎಂದು ಎಣಿಸಿ ಬರೆದಿಡುತ್ತಿದ್ದೆ. ಯಾವ ಖಾನೆಗೆ ಹೆಚ್ಚು ಬೇಕಾಯಿತೋ ಅಲ್ಲಿ ಸೋರಿಕೆ. ನನ್ನ ಲೆಕ್ಕ ಒಮ್ಮೆಯೂ ತಪ್ಪಿಲ್ಲವೆಂದು ಅವರು ಸ್ನೇಹಿತರ ಮುಂದೆ ಹೇಳಿದ್ದರು. ನನಗೆ ಅದು ಬಹಳ ದೊಡ್ಡ ಮಾತಾಗಿತ್ತು.

ಹಾರುವಾಗ ನನಗೆ ಇನ್ನೊಂದು ಕೆಲಸ. ಬಲರೆಕ್ಕೆಯ ಕೆಳಗಿನ ಕಂಬಿಗೆ ಒಂದು ದುಂಡು ಕನ್ನಡಿ ಕೂರಿಸಿದ್ದರು. ಬಲಗಡೆ ಕೂತವರಿಗೆ ಅದರಲ್ಲಿ ಗಾಲಿ ಕಾಣುತ್ತಿತ್ತು. ಇಳಿಯುವ ಮುಂಚೆ ಅವರು ಕೇಳುವರು: "ಗಾಲಿ?" ನಾನು ಕನ್ನಡಿ ನೋಡಿ ಹೇಳಬೇಕು. ಒಬ್ಬರೇ ಹೋದಾಗ ತಾವೇ ಬಗ್ಗಿ ನೋಡುತ್ತಿದ್ದರಂತೆ. ನಾನಿದ್ದರೆ ನೋಡುತ್ತಿರಲಿಲ್ಲ. ಮೊದಮೊದಲು ನನ್ನ ದನಿ ಎಂಜಿನ್ ಸದ್ದಿನಲ್ಲಿ ಕೇಳುತ್ತಲೇ ಇರಲಿಲ್ಲ. "ಮೈಸೂರಿನವ್ರು ನೀವು ಉಸರಾಡಲಿಕ್ಕೂ ಪರ್ಮಿಷನ್ ಕೇಳ್ತೀರಿ ನೋಡು. ಜೋರ ಹೇಳವಾ" ಎಂದು ಹಂಗಿಸುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ಆಂಟಿ ಊರ ಹೊರಗಿನ ಸಣ್ಣ ಏರ್‌ಸ್ಟ್ರಿಪ್‌ಗೇ ಬಂದರು. ನಾಲ್ಕೈದು ಮನೆಯವರೂ ಬಂದಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು, ಮೂತಿಗೆ ಚೆಂಡುಹೂವಿನ ಹಾರ. ಆಂಟಿ ಅರಿಸಿನ ಕುಂಕುಮ ಕಲಸಿಕೊಂಡು ಎಲ್ಲೆಡೆ ಬೊಟ್ಟಿಟ್ಟರು, ಕನ್ನಡಿಯ ನಟ್ಟನಡುವೆಯೂ ಇಟ್ಟರು. ಹಾರುವ ಮುಂಚೆ ಅಂಕಲ್ ಹಾರ ತೆಗೆದರು. ಕನ್ನಡಿ ಒರೆಸಲು ಕರವಸ್ತ್ರವನ್ನೂ ತೆಗೆದರು. ಆಂಟಿ ನೋಡುತ್ತಿದ್ದರು. ಕರವಸ್ತ್ರ ಮತ್ತೆ ಜೇಬಿಗೆ ಹೋಯಿತು. ನಾನು ಅಷ್ಟರಲ್ಲಿ ಸೀಳು ಬಿಟ್ಟ ಒಂದು ಚೆಂಡನ್ನು ಬದಲಿಸಿ, ಹಳೆಯದನ್ನು ಜೇಬಿಗೆ ಹಾಕಿಕೊಂಡಿದ್ದೆ.

ಮೇಲೇರಿದ ಕೂಡಲೇ ಗಾಲಿ ಮಡಚುವುದು ರೂಢಿ. ಅಂದು ಕೆಳಗಿದ್ದವರು ಫೋಟೋ ತೆಗೆಯಲೆಂದು ಅಂಕಲ್ ಎರಡು ಸುತ್ತು ತಗ್ಗಿನಲ್ಲೇ ಹಾರಿಸಿದರು. ಆಂಟಿ ಸೆರಗು ಬೀಸುತ್ತಿದ್ದುದು ಕಾಣಿಸಿತು. ಹಾಗೇ ಕೆರೆಯ ಕಡೆ ತಿರುಗಿದೆವು. ಗಾಲಿ ಮಡಚುವುದು ಉಳಿದುಹೋಯಿತು.

ನೀರು ಹತ್ತಿರ ಬಂದಾಗ ಕೇಳಿದರು. "ಗಾಲಿ?"

ಕನ್ನಡಿ ನೋಡಿದೆ. ಗಾಲಿ ಕಾಣಬೇಕಾದ ಜಾಗದಲ್ಲಿ ಒಣಗಿದ ಕೆಂಪು ಬೊಟ್ಟು. ಕಾಣುತ್ತಿಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ ಮತ್ತೊಂದು ಸುತ್ತು ಹಾಕುತ್ತಿದ್ದರು, ಅಷ್ಟೇ. ಆಂಟಿಯ ಬೊಟ್ಟನ್ನು ದೂರಿದಂತಾಗುತ್ತದೆ ಅನ್ನಿಸಿತೋ, ಇಷ್ಟು ದಿನ ಇದ್ದದ್ದು ಇವತ್ತೂ ಇರುತ್ತದೆ ಅನ್ನಿಸಿತೋ...

"ಮೇಲಿದೆ ಅಂಕಲ್" ಎಂದೆ. ಜೋರಾಗಿಯೇ ಹೇಳಿದೆ.

ಆಮೇಲಿನದು ಚೂರುಚೂರಾಗಿ ನೆನಪಿದೆ. ಹಸಿರು ನೀರು, ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡುತ್ತಿದ್ದುದು. ಅವರು ಮೊದಲು ನನ್ನ ಬೆಲ್ಟ್ ಬಿಚ್ಚಿ ಬಾಗಿಲಾಚೆ ತಳ್ಳಿದರು. ಅವರು ಹೊರಬಂದಾಗ ಬಲಗೈ ಮೇಲೇಳುತ್ತಿರಲಿಲ್ಲ. ದಡದಲ್ಲಿ ಯಾರೋ ಕಂಬಳಿ ಹೊದಿಸಿದರು. ಆಂಟಿಯ ಕಾರು ಬರುವ ಮೊದಲು ಅಂಕಲ್ ನನ್ನ ಕಡೆ ನೋಡದೆ ಹೇಳಿದರು: "ನೀ ಏನೂ ಹೇಳಬ್ಯಾಡ. ಪೈಲಟ್ ನಾ. ನಾ ಮರತೆ."

ನಾನು ಏನೂ ಹೇಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ಅವರು ಮತ್ತೆ ಹಾರಲಿಲ್ಲ. ಭುಜ ಪೂರ್ತಿ ಸರಿಹೋಗಲೂ ಇಲ್ಲ. ನನಗೆ ಡಾಲಸ್‌ನಲ್ಲಿ ಕೆಲಸ ಸಿಕ್ಕಿತು. ಹಬ್ಬಕ್ಕೆ ಫೋನ್ ಮಾಡಿದರೆ ಕಾರಿನ ಎಣ್ಣೆ ಬದಲಿಸಿದೆಯಾ ಎಂದು ಕೇಳುತ್ತಿದ್ದರು, ಮತ್ತೇನೂ ಕೇಳುತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ ಹೃದಯಾಘಾತವಾಗಿ ಹೋಗಿಬಿಟ್ಟರು. ಅಂತ್ಯಸಂಸ್ಕಾರಕ್ಕೆ ಹೋಗಿದ್ದೆ. ಅಳು ಬರಲಿಲ್ಲ. ಬಂದವರ ಚಪ್ಪಲಿಗಳನ್ನು ಜೋಡಿ ಮಾಡಿಟ್ಟೆ.

ಚೆಂಡು ಸಿಕ್ಕ ಸಂಜೆ ಆಂಟಿಗೆ ಫೋನ್ ಮಾಡಿದೆ. ಮರುದಿನ ಆಯುಧಪೂಜೆ. ಏನು ಮಾತಾಡುವುದೆಂದು ತಿಳಿಯದೆ, ಕಾರಿಗೆ ಪೂಜೆ ಮಾಡುತ್ತೀರಾ ಎಂದು ಕೇಳಿದೆ.

"ಆವತ್ತಿನಿಂದ ನಾ ಯಾವ ಗಾಡಿಗೂ ಕುಂಕುಮ ಹಚ್ಚಿಲ್ಲವಾ" ಎಂದರು. "ಮರತೆ ಮರತೆ ಅಂತಿದ್ರು ನಿಮ್ಮ ಅಂಕಲ್. ಅವರು ಮರಿಯೂ ಮನಷ್ಯಾ ಅಲ್ಲ. ಕನ್ನಡಿ ಮ್ಯಾಲೆ ಹಚ್ಚಿದ್ದು ನನ್ನ ಕೈ. ನನ್ನ ಕೈಯ್ಯಾರೆ ಅವರ ಕಣ್ಣು ಮುಚ್ಚಿದೆ."

ಅಂಕಲ್ ನನ್ನನ್ನು ಕಾಪಾಡಲು ಆಡಿದ ಮಾತು ಇಷ್ಟು ವರ್ಷ ಆಂಟಿಯ ಎದೆಯ ಮೇಲೆ ಕೂತಿತ್ತು. ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಐದಕ್ಕೆ ಹೊರಟು ಸೀಡರ್ ಪಾರ್ಕ್‌ಗೆ ಡ್ರೈವ್ ಮಾಡಿದೆ. ಗ್ಯಾರೇಜಿನ ಬಾಗಿಲು ತೆರೆದಿತ್ತು. ರೆಕ್ಕೆ ತೂಗುಹಾಕುತ್ತಿದ್ದ ಕೊಕ್ಕೆಗಳು ಗೋಡೆಯಲ್ಲಿ ಹಾಗೇ ಇದ್ದವು, ಕೆಳಗೆ ಆಂಟಿಯ ಕಾರು ನೆರಳಿನಲ್ಲಿತ್ತು. ಅಲ್ಲೇ ನಿಂತು ಚೆಂಡನ್ನು ಆಂಟಿಯ ಕೈಗಿಟ್ಟು ಹೇಳಿದೆ. ಗಾಲಿ ಎಲ್ಲಿದೆ ಎಂದು ಅಂಕಲ್ ಕೇಳಿದರು, ನನಗೆ ಕಾಣುತ್ತಿರಲಿಲ್ಲ, ಆದರೂ ಮೇಲಿದೆ ಎಂದೆ, ಎಂದು.

"ಅವರಿಗೆ ಗೊತ್ತಿತ್ತೇನು?"

"ಗೊತ್ತಿತ್ತು ಆಂಟಿ."

ಅವರು ಚೆಂಡನ್ನು ಹಿಡಿದುಕೊಂಡೇ ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ನಾನು ನನ್ನ ಕಾರಿನಿಂದ ನಿಂಬೆಹಣ್ಣು ತಂದೆ. ಅವರ ಕಾರಿನ ನಾಲ್ಕು ಗಾಲಿಗೂ ಬಗ್ಗಿ ನೋಡಿ ಒಂದೊಂದು ಇಟ್ಟೆ. ಕುಂಕುಮ ತಂದಿರಲಿಲ್ಲ. ಅದು ಒಳಗಿಂದ ಬರಬೇಕಿತ್ತು. ಕಾಯುತ್ತ ನಿಂತೆ.