ಟೀವಿಯವನು ತೇಲಿಸಿದ ಮೊಟ್ಟೆ

ಎಂಬತ್ತರ ದಶಕದಲ್ಲಿ ಯಲಹಂಕದ ನಮ್ಮ ಬೀದಿಗೆ ಮೊದಲು ಟೀವಿ ತಂದವರು ಹುಬ್ಬಳ್ಳಿ ಕಡೆಯವರು. ಗಂಡನಿಗೆ ಫ್ಯಾಕ್ಟರಿ ಕೆಲಸ. ಹೆಂಡತಿ ಒಳ್ಳೆಯವಳು, ಬಾಯಿ ಮಾತ್ರ ಜೋರು. ಭಾನುವಾರ ಬೆಳಿಗ್ಗೆ ಅವರ ನಡುಮನೆಯಲ್ಲಿ ಬೀದಿಯ ಹೆಂಗಸರು ಮಕ್ಕಳೆಲ್ಲ ಸೇರುತ್ತಿದ್ದೆವು. ಹೈಸ್ಕೂಲು ಓದುತ್ತಿದ್ದ ನನ್ನ ಮಗಳು ಎಲ್ಲರಿಗಿಂತ ಮುಂದೆ. ಆಗ ಹಿಂದಿಯಲ್ಲಿ ಒಂದು ವಿಜ್ಞಾನದ ಕಾರ್ಯಕ್ರಮ ಬರುತ್ತಿತ್ತು. ದೊಡ್ಡ ಕನ್ನಡಕದವನೊಬ್ಬ ತಮಾಷೆ ಮಾಡಿಕೊಂಡು ಏನಾದರೂ ಮಾಡಿ ತೋರಿಸುತ್ತಿದ್ದ. ನಮಗೆ ಹಿಂದಿ ಬರದು. ಮನೆಯಾಕೆಗೆ ಬರುತ್ತಿತ್ತು. ಆಕೆ ಹೇಳಿದ್ದೇ ನಮಗೆ ವಿಜ್ಞಾನ.

ಒಂದು ಭಾನುವಾರ ಅವನು ಗಾಜಿನ ಪಾತ್ರೆಯ ನೀರಿಗೆ ಎರಡು ಮೊಟ್ಟೆ ಬಿಟ್ಟ. ಒಂದು ಮುಳುಗಿತು, ಒಂದು ತೇಲಿತು.

"ತೇಲಿದ ತತ್ತಿ ಕೆಟ್ಟದ್ದಂತ ನೋಡ್ರಿ, ಮುಳುಗಿದ್ದು ಛಲೋ ಅಂತ," ಎಂದಳು ಮನೆಯಾಕೆ.

ಅವನು ಇನ್ನೇನೋ ಹೇಳಲು ಹೊರಟವನು ಕಾಲು ಜಾರಿ ನೀರೆಲ್ಲ ಮೈಮೇಲೆ ಸುರಿದುಕೊಂಡ. ಬಿದ್ದು ಬಿದ್ದು ನಕ್ಕೆವು. ಮನೆಯಾಕೆಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವನು ಒದ್ದೆ ಬಟ್ಟೆಯಲ್ಲೇ ಮಾತು ಮುಗಿಸಿದ. ಏನು ಹೇಳಿದನೆಂದು ಯಾರೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಆಗ ಒಂದು ಕೋಳಿ ಕಾವು ಕೂತಿತ್ತು. ಕೋಳಿ ನನ್ನದು, ಮೊಟ್ಟೆ ಪಕ್ಕದ ಮನೆಯ ಓರಗಿತ್ತಿಯದು. ನಮ್ಮಲ್ಲಿ ಹಾಗೆ ಕೂರಿಸಿದರೆ ಎದ್ದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಹುಲ್ಲು ಹಾಸಿದ ಬಿದಿರಿನ ಮಂಕರಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಅದರೊಳಗೆ ಒಂದು ಚೂರು ಕಬ್ಬಿಣ. ಮೂರನೇ ವಾರ ನಡೆಯುತ್ತಿತ್ತು. ಮರಿ ಏಳದಿದ್ದರೆ ಓರಗಿತ್ತಿ ನನ್ನನ್ನೂ ಕೋಳಿಯನ್ನೂ ಸೇರಿಸಿ ಬೀದಿಗೆಲ್ಲ ಸಾರುವವಳೇ.

ಟೀವಿ ನೋಡಿ ಬಂದು ನಾನು ಒಲೆ ಮುಂದೆ ಇದ್ದೆ. ಹಿತ್ತಲಿಂದ ಮಗಳು ಕೂಗಿದಳು.

"ಅಮ್ಮಾ, ಎಲ್ಲಾ ಕೊಳ್ತೋಗವೆ! ಒಂದೂ ಮುಳುಗ್ತಿಲ್ಲ!"

ಕೋಳಿ ಮೇವಿಗೆ ಎದ್ದ ಹೊತ್ತು ನೋಡಿ ಮೊಟ್ಟೆಗಳನ್ನೆಲ್ಲ ಬಕೆಟ್ಟಿಗೆ ಬಿಟ್ಟಿದ್ದಳು. ಎಲ್ಲವೂ ಮೇಲೆ. ಕೂಗು ಕೇಳಿ ಓರಗಿತ್ತಿಯೂ ಬಂದಳು.

"ನಿಮ್ ಕೋಳಿ ನೆಟ್ಟಗೆ ಕಾವ್ ಕೂತಿಲ್ಲ ಕಣಕ್ಕ. ಇಂಗಾಯ್ತದೆ ಅಂತ ನಂಗೊತ್ತಿತ್ತು."

"ನಿನ್ ಮೊಟ್ಟೆನೇ ಹಳೇವು ಕಣೆ," ಎಂದೆ.

ನಾವು ಕಚ್ಚಾಡುತ್ತಿರುವಾಗಲೇ ಮಗಳು ಒಂದನ್ನು ತಿಪ್ಪೆಗೆ ಎಸೆದಳು. ಒಡೆಯಿತು. ವಾಸನೆ ಬರಲಿಲ್ಲ. ಕೊಕ್ಕು, ಪುಕ್ಕ ಎಲ್ಲ ಬಂದಿದ್ದ ಮರಿ ಒಮ್ಮೆ ಕಾಲು ಒದ್ದು ಸುಮ್ಮನಾಯಿತು.

ಮಗಳು ಹೋಗಿ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮಾ, ನೀರು ಅಲುಗದಂಗೆ ನಿಂತದೆ. ಮೊಟ್ಟೆ ಅಲ್ಲಾಡ್ತವೆ ನೋಡು."

ನೋಡಿದೆ. ಯಾರೂ ಮುಟ್ಟದಿದ್ದರೂ, ಒಳಗಿನ ಮರಿ ಮಿಸುಕಿದಂತೆಲ್ಲ ಒಂದಾದ ಮೇಲೊಂದು ಸಣ್ಣಗೆ ತೊನೆಯುತ್ತಿತ್ತು. ಎಷ್ಟೋ ಸಲ ಕೋಳಿ ಕೂರಿಸಿದವಳು ನಾನು, ಇದನ್ನು ಕಂಡಿರಲಿಲ್ಲ. ಸೆರಗಿನಲ್ಲಿ ಒರೆಸಿ ಬೇಗ ಬೇಗ ಮಂಕರಿಗೆ ಇಟ್ಟೆವು.

"ಒಡೆದೋಗಿದ್ದು ನಿಮ್ ಪಾಲಿಂದು ಕಣಕ್ಕ," ಎಂದು ಹೇಳಿಯೇ ಓರಗಿತ್ತಿ ಮನೆಗೆ ಹೋದಳು.

ಆಮೇಲೆ ಮಂಕರಿಗೆ ಕಿವಿಗೊಡುವುದೇ ಕೆಲಸವಾಯಿತು. ಕೊನೆಗೂ ಒಳಗಿಂದ ಚಿಂವ್ ಎಂದಿತು. ಒಂದು ಬಿಟ್ಟು ಮಿಕ್ಕವೆಲ್ಲ ಎದ್ದವು. ಆ ಒಂದು ನೀರಿಗೆ ಬಿದ್ದು ಕೆಟ್ಟಿತೋ, ಮೊದಲೇ ಕೆಟ್ಟಿತ್ತೋ, ಹೇಳಲಾರೆ.

ಮಗಳು ಒಡೆದ ಚಿಪ್ಪುಗಳನ್ನು ಆಯ್ದು ಸ್ಕೂಲಿಗೆ ಒಯ್ದಳು. ಮೇಷ್ಟ್ರು ದಪ್ಪ ತುದಿಯ ಪೊರೆ ತೋರಿಸಿದರಂತೆ. ಅಲ್ಲಿ ಗಾಳಿ ಇರುತ್ತದೆ, ದಿನ ಕಳೆದಂತೆ ಒಳಗಿನ ನೀರು ಆರಿ ಗಾಳಿಯ ಜಾಗ ಹೆಚ್ಚುತ್ತದೆ, ಹಾಗಾಗಿ ಹಳೆಯದೂ ತೇಲುತ್ತದೆ, ಮರಿ ಬಲಿತದ್ದೂ ತೇಲುತ್ತದೆ ಎಂದರಂತೆ.

ಹುಬ್ಬಳ್ಳಿಯಾಕೆಯನ್ನು ಹೋಗಿ ಕೇಳಿದೆ. "ಅವತ್ತು ಅವನು ಗಾಳಿ ಗೀಳಿ ಅಂತ ಏನಾದ್ರೂ ಅಂದ್ನೇನಮ್ಮಾ?"

"ಅಂದಿರಬೇಕ್ರಿ. ನಾ ನಗಾಕ ಹತ್ತಿದ್ದೆ, ಎಲ್ಲಿ ಕೇಳಿಸ್ತದ?"

ಟೀವಿ ನೋಡಿ ಮಕ್ಕಳು ಏನಾದರೂ ಕಲಿಯುತ್ತಾರಾ ಎಂದು ಈಗಲೂ ಕೇಳುವವರಿದ್ದಾರೆ. ಅವನು ನಗಿಸದಿದ್ದರೆ ನಾವ್ಯಾರೂ ಅಲ್ಲಿ ಕೂರುತ್ತಿರಲಿಲ್ಲ. ನಗಿಸಿದ್ದಕ್ಕೇ ಬೇಕಾದ ಮಾತು ಕಿವಿಗೆ ಬೀಳಲಿಲ್ಲ, ಒಂದು ಮರಿ ಸತ್ತಿತು. ಆದರೆ ಬಕೆಟ್ಟು ತಂದಿಟ್ಟು ನೋಡೋಣ ಎನ್ನುವ ಬುದ್ಧಿ ಮಗಳಿಗೆ ಬಂದದ್ದೂ ಅವನಿಂದಲೇ. ಅಷ್ಟು ನನಗೆ ಗೊತ್ತು.

"ಇನ್ ಆ ಮನೆಗೆ ಮಗೀನ ಕಳಿಸ್ಬ್ಯಾಡಿ," ಎಂದಳು ಓರಗಿತ್ತಿ. ಕಳಿಸಿದೆ. ನಗು ಮುಗಿದ ಮೇಲೆ ಅವನು ಏನಂದನೆಂದು ಕೇಳಿಕೊಂಡು ಬಾ ಎಂದೆ.

ಮುಂದಿನ ಸಲ ಕೋಳಿ ಕೂರಿಸುವಾಗ ಮಗಳು ಮಂಕರಿಯ ಕಬ್ಬಿಣ ಕೈಗೆತ್ತಿಕೊಂಡಳು.

"ಇದ್ಯಾಕಮ್ಮಾ?"

"ಗುಡುಗಿಗೆ."

"ಗುಡುಗಿಗೆ ಕಬ್ಬಿಣ ಏನ್ ಮಾಡ್ತದೆ?"

ನನ್ನತ್ತೆ ಇಡುತ್ತಿದ್ದರು, ನಾನೂ ಇಟ್ಟೆ. ಯಾಕೆಂದು ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಕೇಳಿಸಲಿಲ್ಲ ಎನ್ನಲು ಅಲ್ಲಿ ಯಾರೂ ನಗುತ್ತಿರಲೂ ಇಲ್ಲ.

ಮೊಟ್ಟೆ ಈ ಸಲವೂ ಓರಗಿತ್ತಿಯವೇ, ಕೆಟ್ಟರೆ ಅವಳ ಬಾಯಿ ಕೇಳಬೇಕಾದವಳು ನಾನು. ಕಬ್ಬಿಣ ಇಸಿದುಕೊಂಡು ಮಂಕರಿಗೇ ಹಾಕಿದೆ.